ಎರಡು ಸಲ ಒತ್ತಿದರೆ ಕೆಂಪು

ನಮ್ಮ ಲ್ಯಾಬಿನ ಹಿಂಬದಿಯ ಕಪಾಟಿನಲ್ಲಿ, ಮೇಲಿನಿಂದ ಎರಡನೆಯ ಸಾಲಿನಲ್ಲಿ, ಬಣ್ಣಗಳು ನಿದ್ದೆ ಮಾಡುತ್ತಿರುತ್ತವೆ. ಹೀಗೆಂದು ಹುಡುಗರ ಮುಂದೆ ಹೇಳಿದರೆ ಮೇಡಂಗೆ ಏನೋ ಆಗಿದೆ ಎಂದು ಮುಖ ಮುಖ ನೋಡಿಕೊಂಡಾರು, ಅದಕ್ಕೇ ಹೇಳುವುದಿಲ್ಲ. ತುಮಕೂರಿನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬಿನ ಇನ್‌ಸ್ಟ್ರಕ್ಟರ್ ಆಗಿ ನಾನು ಸವೆಸಿದ ವರ್ಷಗಳೆಲ್ಲ ಆ ಕಪಾಟಿನ ಎದುರೇ ಕಳೆದಿವೆ. ಕಂದು ಗಾಜಿನ ಪುಟ್ಟ ಬಾಟಲಿಗಳು, ಒಂದೊಂದರ ಮೂತಿಗೂ ಒಂದು ಡ್ರಾಪರ್, ಹೊಟ್ಟೆಯ ಮೇಲೆ ನನ್ನ ಕೈಬರಹದ ಚೀಟಿ. ಮಧ್ಯಾಹ್ನದ ಪ್ರಾಕ್ಟಿಕಲ್ ಮುಗಿದು, ನಲ್ಲಿಗಳ ಸದ್ದು ನಿಂತು, ಪಡುವಣ ಕಿಟಕಿಯ ಬಿಸಿಲು ಅಡ್ಡಕ್ಕೆ ಬಿದ್ದಾಗ ಅವುಗಳ ಒಳಗೆ ಒಂದು ಮಿಣುಕು ಏಳುತ್ತದೆ. ಆಗ ಸ್ಟೂಲಿನ ಮೇಲೆ ಕೂತು ಸುಮ್ಮನೆ ನೋಡುತ್ತಿರುತ್ತೇನೆ. ಅಟೆಂಡರ್ ಬಂದು ಬೀಗ ಹಾಕಬೇಕು ಎಂದಾಗಲೇ ನಾನು ಏಳುವುದು.

ಈ ಬಣ್ಣಗಳಿಗೆ ಬೇರೆ ಕೆಲಸವಿಲ್ಲ. ಹುಳಿಯೋ ಕ್ಷಾರವೋ ಎಂದು ಕೇಳಿದರೆ ಹೇಳುತ್ತವೆ, ಅಷ್ಟೇ. ಒಂದು ಹುಳಿಯಲ್ಲಿ ಹಳದಿ, ಕ್ಷಾರದಲ್ಲಿ ನೀಲಿ. ಇನ್ನೊಂದು ಹುಳಿಯಲ್ಲಿ ನೀರಿನಂತೆ ತೆಪ್ಪಗಿದ್ದು, ಕ್ಷಾರ ಬಂದ ಕೂಡಲೇ ಗುಲಾಬಿ. ಆದರೆ ಪ್ರತಿಯೊಂದಕ್ಕೂ ತನ್ನದೇ ಒಂದು ಗಡಿ ಇದೆ, ಆ ಗಡಿಯಲ್ಲಿ ಮಾತ್ರ ಅದರ ಬಣ್ಣ ಹೊರಳುತ್ತದೆ. ಗಡಿಯ ಮೇಲೆಯೇ ನಿಂತಿರುವುದಕ್ಕೆ ಹನಿ ಬಿಟ್ಟರೆ ಆಚೆಗೂ ಹೋಗದೆ ಈಚೆಗೂ ಬರದೆ ನಡುವಿನ ಯಾವುದೋ ಬಣ್ಣದಲ್ಲಿ ನಿಂತುಬಿಡುತ್ತದೆ. ಎರಡು ಹನಿ ಸಾಕು. ಈ ಬಣ್ಣವೂ ಒಂದು ಬಗೆಯ ಮೆದು ಆಮ್ಲವೇ ಆದ್ದರಿಂದ ಜಾಸ್ತಿ ಸುರಿದರೆ ಕೇಳಿದ್ದನ್ನು ಹೇಳುವುದು ಬಿಟ್ಟು ತಾನೇ ನಡುವೆ ಬಾಯಿ ಹಾಕುತ್ತದೆ. ಇದನ್ನು ವರ್ಷ ವರ್ಷವೂ ಹೇಳುತ್ತೇನೆ. ವರ್ಷ ವರ್ಷವೂ ಹುಡುಗರು ಡ್ರಾಪರ್ ಹಿಂಡುತ್ತಾರೆ, ನನ್ನ ಪಿತ್ತ ನೆತ್ತಿಗೇರುತ್ತದೆ.

"ಸಾರಿಗೆ ಉಪ್ಪು ಹಾಕೋವಾಗ್ಲೂ ಹಿಂಗೇ ಕೈ ಬಿಡ್ತೀರೇನ್ರೋ?" ಎಂದು ಗದರುತ್ತೇನೆ. ಅವರು ತಲೆ ಬಗ್ಗಿಸಿ ಕಿಸಕ್ಕನೆ ನಗುತ್ತಾರೆ. ನನ್ನ ಕೋಪಕ್ಕೆ ನಮ್ಮ ಕಾಲೇಜಿನಲ್ಲಿ ಅಷ್ಟೇ ಬೆಲೆ.

ಆ ಸಾಲಿನ ಕೊನೆಯ ಬಾಟಲಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದು ಸಿಲಬಸ್ಸಿನಲ್ಲಿಲ್ಲ. ರೊಸೋಲಿಕ್ ಆಸಿಡ್ ಎಂದು ಅದರ ಹೆಸರು. ಪುಡಿಯಾಗಿದ್ದಾಗ ಕೆಂಗಂದು, ಬೆಳಕಿಗೆ ಹಿಡಿದರೆ ಜೀರುಂಡೆಯ ಬೆನ್ನಿನ ಹಾಗೆ ಹಸಿರು ಹೊಳಪು. ನೀರಿಗೆ ಹಾಕಿದರೆ ಕರಗಲು ಮೊಂಡಾಟ ಮಾಡುತ್ತದೆ, ಸ್ಪಿರಿಟ್ಟಿನಲ್ಲಿ ಸಲೀಸಾಗಿ ಕರಗಿ ಕಡು ಟೀ ಬಣ್ಣಕ್ಕೆ ಬರುತ್ತದೆ. ಕ್ಷಾರ ತಾಕಿದರೆ ಗುಲಾಬಿಗೆಂಪು. ಈ ಬಾಟಲಿ ಹಳತಾಗುವ ಮೊದಲೇ ನಾನು ಚೆಲ್ಲಿ ಹೊಸದು ಮಾಡಿಡುತ್ತೇನೆ. ಯಾರೂ ಕೇಳದ ಬಾಟಲಿಗೆ ಇಷ್ಟು ಆರೈಕೆ ಯಾಕೆ ಎಂದು ಒಬ್ಬರೂ ಕೇಳಿಲ್ಲ. ಅಕ್ಷರ ಕಲಿಯುವ ಮುಂಚೆಯೇ ನನಗೆ ಆ ಬಣ್ಣದ ಪರಿಚಯವಿತ್ತು.

ನಮ್ಮೂರು ಕುಣಿಗಲ್ ತಾಲ್ಲೂಕಿನಲ್ಲಿ, ಮಾರ್ಕೋನಹಳ್ಳಿ ಡ್ಯಾಮಿನ ಕಾಲುವೆ ಹಾದುಹೋಗುವ ಕಡೆ. ಬೆಳಗಿನ ಜಾವ ಕಾಲುವೆಯ ಮೇಲೆ ಮಂಜು ಮಲಗಿರುತ್ತಿತ್ತು. ಅದರೊಳಗಿಂದ ಒಬ್ಬೊಬ್ಬರೇ ಹಾಲಿನ ಕ್ಯಾನು ಹಿಡಿದು ಡೈರಿಗೆ ಬರುತ್ತಿದ್ದರು. ಮೊದಲು ಕ್ಯಾನಿನ ಹಿಡಿಯ ಕಿರಕಿರ ಕೇಳುತ್ತಿತ್ತು, ಆಮೇಲೆ ಒಂದು ಕೆಮ್ಮು, ಆಮೇಲೆ ಮನುಷ್ಯ ಕಾಣುತ್ತಿದ್ದ. ಡೈರಿ ಎಂದರೆ ಒಂದು ಕೋಣೆ, ಅದರ ಮುಂದೊಂದು ಜಗುಲಿ, ಹತ್ತಲು ಮೂರು ಮೆಟ್ಟಿಲು, ಜಗುಲಿಯ ಮೇಲೆ ನಾಲ್ಕು ಕಾಲಿನ ಒಂದು ಬೋಳು ಮೇಜು. ಮೇಜಿನ ಹಿಂದೆ ಕುರ್ಚಿಯಲ್ಲಿ ನಮ್ಮಪ್ಪ. ಅಪ್ಪ ಅಲ್ಲಿ ಟೆಸ್ಟರ್. ಊರಿನವರು ತಂದ ಹಾಲಿಗೆ ನೀರು ಬಿದ್ದಿದೆಯೋ, ಕೊಬ್ಬು ಎಷ್ಟಿದೆಯೋ ನೋಡಿ ಒಳಗೆ ಬಿಟ್ಟುಕೊಳ್ಳುವುದು ಅವನ ಕೆಲಸ. ಊರಿಗೆಲ್ಲ ಅವನು ಟೆಸ್ಟರಣ್ಣ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗುವ ಕೆಲಸ ಆ ಕಾಲಕ್ಕೆ ನಮ್ಮ ಬೀದಿಯಲ್ಲಿ ಅದೊಂದೇ ಇತ್ತು, ಅಪ್ಪನಿಗೆ ಅದರ ಮೇಲೆ ತುಂಬ ಅಭಿಮಾನ.

ಬೇಸಿಗೆಯಲ್ಲಿ ಅವನಿಗೆ ಇನ್ನೊಂದು ಕೆಲಸ ಸೇರುತ್ತಿತ್ತು. ಸೆಕೆಗೆ ಹಾಲು ಬೇಗ ಹುಳಿಯಾಗುತ್ತದೆ, ಹುಳಿ ಹಾಲನ್ನು ಡೈರಿ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಕೆಲವರು ಒಂದು ಚಿಟಿಕೆ ಸೋಡಾ ಪುಡಿ ಬೆರೆಸಿ ಹುಳಿಯನ್ನು ಮುಚ್ಚಿಬಿಡುತ್ತಿದ್ದರು. ಅದನ್ನು ಹಿಡಿಯಲು ಕುಣಿಗಲ್ಲಿಂದ ಒಂದು ಕಂದು ಬಾಟಲಿ ಬರುತ್ತಿತ್ತು. ಗಾಜಿನ ಟ್ಯೂಬಿಗೆ ಸ್ವಲ್ಪ ಹಾಲು, ಅಷ್ಟೇ ಸ್ಪಿರಿಟ್ಟು, ಮೇಲೆ ಆ ಬಾಟಲಿಯಿಂದ ಎರಡು ಮೂರು ಹನಿ. ಒಳ್ಳೆಯ ಹಾಲಾದರೆ ಕಂದು ಬಣ್ಣ ಬರುತ್ತಿತ್ತು, ಸೋಡಾ ಬಿದ್ದಿದ್ದರೆ ಗುಲಾಬಿಗೆಂಪು.

ನಮ್ಮಪ್ಪನಿಗೆ ಕಂದು ಯಾವುದು ಕೆಂಪು ಯಾವುದು ಎಂದು ಕಾಣುತ್ತಿರಲಿಲ್ಲ.

ಹುಟ್ಟಿನಿಂದಲೇ ಹಾಗೆ. ಹಿತ್ತಲಲ್ಲಿ ಹಣ್ಣು ಮೆಣಸಿನಕಾಯಿ ಕಿತ್ತು ತಾ ಎಂದರೆ ಹಸಿರನ್ನೂ ಸೇರಿಸಿ ತರುತ್ತಿದ್ದ, ಅವ್ವ ನಕ್ಕು ಆರಿಸುತ್ತಿದ್ದಳು. ಮನೆಯಲ್ಲಿ ಅದು ತಮಾಷೆ, ಡೈರಿಯಲ್ಲಿ ಅದು ಗುಟ್ಟು. ಆ ಗುಟ್ಟು ಕಾಯಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ಆಗ ನನಗೆ ಆರೋ ಏಳೋ ವರ್ಷ. ಅಪ್ಪನ ಎಡಗಡೆ ಅಂಟಿಕೊಂಡು ನಿಲ್ಲುತ್ತಿದ್ದೆ. ಅವನ ಎಡಗೈ ಮೇಜಿನ ಕೆಳಗೆ, ತೊಡೆಯ ಮೇಲೆ, ಅಂಗೈ ಮೇಲಾಗಿ ಬಿಚ್ಚಿಕೊಂಡಿರುತ್ತಿತ್ತು. ಬಲಗೈಯಲ್ಲಿ ಟ್ಯೂಬು ಹಿಡಿದು ಏನೋ ಯೋಚನೆ ಮಾಡುವವನ ಹಾಗೆ ನೋಡುತ್ತಿದ್ದ. ಕಂದಾದರೆ ನಾನು ಆ ಅಂಗೈಯನ್ನು ಬೆರಳಿನಿಂದ ಒಂದು ಸಲ ಒತ್ತಬೇಕು. ಕೆಂಪಾದರೆ ಎರಡು ಸಲ. ಮೊದಮೊದಲು ಅದು ನನಗೆ ಬಣ್ಣ ಕಲಿಸುವ ಆಟ ಎಂದುಕೊಂಡಿದ್ದೆ. ಒಂದು ದಿನ ಅವ್ವ ತಲೆ ಬಾಚುತ್ತಾ ಹೇಳಿದಳು, "ಯಾರ್ ತಾವೂ ಬಾಯಿ ಬಿಡ್ಬೇಡ ಕಣೇ. ಅಪ್ಪನ್ ಕೆಲ್ಸ ಹೋಯ್ತದೆ."

ಟ್ಯೂಬುಗಳನ್ನಿಡುವ ಮರದ ಸ್ಟ್ಯಾಂಡಿಗೆ ಸಾಲಿನ ಕಡೆ ಎತ್ತರದ ಒಂದು ಹಲಗೆ ಇತ್ತು, ಅಪ್ಪ ಟ್ಯೂಬನ್ನು ಅದರ ಮರೆಯಲ್ಲೇ ಹಿಡಿಯುತ್ತಿದ್ದ. ಜಗುಲಿಯ ಕೆಳಗೆ ಸಾಲಾಗಿ ನಿಂತವರಿಗೆ ಬಣ್ಣ ಕಾಣುತ್ತಿರಲಿಲ್ಲ. ಅವರು ಅಪ್ಪನ ಮುಖ ನೋಡುತ್ತಿದ್ದರು. ಒಂದು ಸಲ ಒತ್ತಿದರೆ ಅಪ್ಪ ತಲೆಯಾಡಿಸುತ್ತಿದ್ದ, ಹಾಲು ದೊಡ್ಡ ಕ್ಯಾನಿಗೆ ಸುರಿದು ಹೋಗುತ್ತಿತ್ತು. ಎರಡು ಸಲ ಒತ್ತಿದರೆ ಅಪ್ಪ ತಲೆಯೆತ್ತುತ್ತಿದ್ದ, ಇಡೀ ಸಾಲು ಗಪ್‌ಚಿಪ್ಪಾಗುತ್ತಿತ್ತು. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ಎರಡನೆಯ ಒತ್ತಿನಲ್ಲಿ ನನಗೊಂದು ಖುಷಿ ಇತ್ತು. ಅಷ್ಟು ದೊಡ್ಡವರೆಲ್ಲ ನನ್ನ ಒಂದು ಬೆರಳಿಗೆ ಸುಮ್ಮನಾಗುತ್ತಾರೆ ಎಂಬ ಖುಷಿ. ಬೇಸಿಗೆಯೆಲ್ಲ ಕಳೆದರೂ ಅಂಥದ್ದು ನಾಲ್ಕೈದು ಸಲ ಸಿಕ್ಕರೆ ಹೆಚ್ಚು, ಅದಕ್ಕಾಗಿ ನಾನು ಕಾಯುತ್ತಿದ್ದೆ.

ಕೆಳಗಿನ ಬೀದಿಯಲ್ಲಿ ಒಬ್ಬಳು ಚಿಕ್ಕವ್ವ ಇದ್ದಳು. ನೆಂಟಳಲ್ಲ, ಬಾಯಿ ಮಾತಿಗೆ ಚಿಕ್ಕವ್ವ. ಗಂಡ ತೀರಿಹೋಗಿದ್ದ, ನನಗಿಂತ ಸ್ವಲ್ಪ ದೊಡ್ಡವಳಾದ ಒಬ್ಬ ಮಗಳು, ಒಂದು ಸೀಮೆಹಸು. ಆ ಹಸುವಿನ ಹಾಲಿನ ಮೇಲೆ ಆ ಮನೆ ನಡೆಯುತ್ತಿತ್ತು. ಅವಳಿಗೆ ಮಂಡಿ ನೋವು. ಡೈರಿಗೆ ಬಂದವಳು ಸಾಲಿನಲ್ಲಿ ಕ್ಯಾನನ್ನು ನಿಲ್ಲಿಸಿ, ತಾನು ಕೆಳಗಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು. ತನ್ನ ಸರದಿ ಬಂದರೂ ಏಳುತ್ತಿರಲಿಲ್ಲ. ಪಕ್ಕದವರು ಅವಳ ಕ್ಯಾನು ಎತ್ತಿ ಮೇಲೆ ಕೊಡುತ್ತಿದ್ದರು. ನನ್ನನ್ನು ಕಂಡರೆ ಸೆರಗಿನ ಗಂಟು ಬಿಚ್ಚಿ ಹುರಿಗಡಲೆ ಕೊಡುತ್ತಿದ್ದಳು. ಆ ಹುರಿಗಡಲೆಗೆ ಅವಳ ಸೀರೆಯ ಹೊಗೆ ವಾಸನೆ ಹತ್ತಿರುತ್ತಿತ್ತು.

ಆ ಬೆಳಿಗ್ಗೆಯನ್ನು ನಾನು ಎಷ್ಟು ಸಲ ನೆನೆದಿದ್ದೇನೆಂದರೆ, ನೆನೆದು ನೆನೆದು ಅದರ ಅಂಚು ಸವೆದುಹೋಗಿದೆ. ಬೇಸಿಗೆಯಾದರೂ ಮಂಜಿತ್ತು ಎಂದು ನೆನಪು ಹೇಳುತ್ತದೆ, ಇರಲಾರದು. ಬಲ್ಬಿನ ಸುತ್ತ ಹುಳ ಹಾರುತ್ತಿದ್ದವು. ಚಿಕ್ಕವ್ವನ ಹಾಲು ಟ್ಯೂಬಿಗೆ ಬಿತ್ತು, ಸ್ಪಿರಿಟ್ಟು ಬಿತ್ತು, ಟೀ ಬಣ್ಣದ ಹನಿಗಳು ಬಿದ್ದವು. ಅಪ್ಪ ಅಲ್ಲಾಡಿಸಿ ಹಲಗೆಯ ಮರೆಯಲ್ಲೇ ಬೆಳಕಿಗೆ ಹಿಡಿದ. ಅದು ಕಂದಾಗಲಿಲ್ಲ. ಕೆಂಪೂ ಆಗಲಿಲ್ಲ. ಚಂದ್ರಸೀಬೆ ಹಣ್ಣನ್ನು ಹೋಳು ಮಾಡಿದರೆ ಒಳಗೆ ಕಾಣುತ್ತದಲ್ಲ, ಅಂಥ ತಿಳಿ ಗುಲಾಬಿ ಬಣ್ಣ. ನಾನು ಅಷ್ಟು ಚಂದದ ಬಣ್ಣವನ್ನು ಆ ಟ್ಯೂಬಿನಲ್ಲಿ ಯಾವತ್ತೂ ನೋಡಿರಲಿಲ್ಲ. ನೋಡುತ್ತಾ ನಿಂತೆ. ಅಪ್ಪನ ಬೆರಳುಗಳು ಮೇಜಿನ ಕೆಳಗೆ ಅವಸರ ಮಾಡಿದವು. ನಮ್ಮಲ್ಲಿ ಇದ್ದುದು ಎರಡೇ ಗುರುತು. ಕಂದಲ್ಲ ಅಂದಮೇಲೆ ಇನ್ನೇನು ಎಂದು ನಾನು ಒಂದು ಸಲ ಒತ್ತಿದೆ. ಆಮೇಲೆ ಇನ್ನೊಂದು ಸಲ.

"ಸೋಡಾ ಬಿದ್ದದೆ ತಂಗ್ಯವ್ವ," ಎಂದ ಅಪ್ಪ. "ವಾಪಸ್ ತಗಂಡ್ ಹೋಗು."

ಚಿಕ್ಕವ್ವ ಜಗಳವಾಡಲಿಲ್ಲ. ಕೆಳಗಿನ ಮೆಟ್ಟಿಲಿನಿಂದ ಒಮ್ಮೆ ನಮ್ಮ ಕಡೆ ನೋಡಿದಳು, ಮಂಡಿ ಹಿಡಿದು ಎದ್ದಳು, ಕ್ಯಾನು ಎತ್ತಿಕೊಂಡಳು. ಹಾಲು ಹಾಕಿ ವಾಪಸ್ ಹೋಗುವವರ ಖಾಲಿ ಕ್ಯಾನುಗಳು ದಾರಿಯುದ್ದಕ್ಕೂ ಟಣಟಣ ಅನ್ನುತ್ತವೆ. ಅವರ ನಡುವೆ ನಡೆದುಹೋದ ಅವಳ ತುಂಬಿದ ಕ್ಯಾನು ಸದ್ದು ಮಾಡಲಿಲ್ಲ. ಆ ಸದ್ದಿಲ್ಲದಿರುವುದು ಊರಿಗೆಲ್ಲ ಕೇಳಿಸಿತು. ಮಾರನೆಯ ದಿನವೂ ಬಂದಳು, ಮಾರನೆಯ ದಿನವೂ ಅದೇ ಬಣ್ಣ, ನಾನು ಎರಡು ಸಲ ಒತ್ತಿದೆ. ಮೂರನೆಯ ದಿನ ಬರಲಿಲ್ಲ. ಅಷ್ಟರಲ್ಲಿ ಊರಿನ ಹುಡುಗರು ಅವಳಿಗೆ ಸೋಡಾ ಚಿಕ್ಕವ್ವ ಎಂದು ಹೆಸರಿಟ್ಟಾಗಿತ್ತು. ಹಸುವಿನ ಒಂದು ಮೊಲೆ ಬತ್ತಿಹೋಯಿತಂತೆ, ಕುಣಿಗಲ್ ಸಂತೆಗೆ ಹೊಡೆದುಕೊಂಡು ಹೋಗಿ ಬಂದಷ್ಟಕ್ಕೆ ಕೊಟ್ಟಳಂತೆ ಎಂದು ಅವ್ವ ಹೇಳಿದಳು. ಮಳೆಗಾಲ ಹಿಡಿಯುವ ಹೊತ್ತಿಗೆ ಅವಳು ಮಗಳನ್ನು ಕರೆದುಕೊಂಡು ಗುಬ್ಬಿಯಲ್ಲಿದ್ದ ಅಣ್ಣನ ಮನೆಗೆ ಹೊರಟುಹೋದಳು. ನಾನು ಅವಳನ್ನು ಮರೆತೆ. ಮರೆತೆ ಎಂದುಕೊಂಡೆ.

ಹೋದ ವರ್ಷ ನಮ್ಮ ಫೈನಲ್ ಇಯರ್ ಹುಡುಗಿಯೊಬ್ಬಳು ಪ್ರಾಜೆಕ್ಟ್ ಎಂದು ಬಂದಳು. ಅವಳ ಮನೆಯಲ್ಲಿ ಹಸುಗಳಿವೆ. ಫಿಲ್ಟರ್ ಪೇಪರನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಬ್ರೋಮೋಥೈಮಾಲ್ ಬ್ಲೂ ಎಂಬ ಬಣ್ಣದಲ್ಲಿ ಅದ್ದಿ, ಬಟ್ಟೆ ಒಣಹಾಕುವ ಹಾಗೆ ಕಿಟಕಿಗೆ ಕಟ್ಟಿದ ದಾರದ ಮೇಲೆ ಕ್ಲಿಪ್ಪು ಹಾಕಿ ಒಣಗಿಸಿದಳು. ಒಂದು ವಾರ ನಮ್ಮ ಲ್ಯಾಬಿಗೆ ತೋರಣ ಕಟ್ಟಿದ ಹಾಗಿತ್ತು. ಬಂದವರೆಲ್ಲ ಏನು ವಿಶೇಷ ಎಂದು ಕೇಳುವವರೇ. ಆಮೇಲೆ ಎರಡು ಬಾಟಲಿ ಹಾಲು ತಂದಳು. ಮೊದಲನೆಯ ಹಾಲಿಗೆ ಪಟ್ಟಿ ತಿಳಿ ಹಳದಿ ಹಸಿರಾಯಿತು. ಎರಡನೆಯದಕ್ಕೆ ನೀಲಿಗೆ ತಿರುಗಿದ ಹಸಿರು.

"ಇದಕ್ಕೇನೇ ಸೋಡಾ ಹಾಕಿದೀಯಾ?" ಎಂದೆ.

"ಇಲ್ಲ ಮೇಡಂ. ಇದು ಕೆಚ್ಚಲು ಬಾವು ಆಗಿರೋ ಹಸೂದು. ಬಾವು ಬಂದ್ರೆ ಹಾಲು ಕ್ಷಾರದ ಕಡೆ ತಿರುಗುತ್ತೆ. ನೋಡೋಕೆ ಚೆನ್ನಾಗೇ ಇರುತ್ತೆ, ಕೆಚ್ಚಲೂ ಊದಿರಲ್ಲ, ಆದ್ರೆ ಬಣ್ಣ ಮೊದ್ಲೇ ಹೇಳುತ್ತೆ. ಆಗ್ಲೇ ಔಷಧಿ ಮಾಡಿದ್ರೆ ಮೊಲೆ ಉಳ್ಯತ್ತೆ."

ಅವಳು ಇನ್ನೂ ಏನೇನೋ ಹೇಳುತ್ತಿದ್ದಳು, ನನಗೆ ಕೇಳಿಸುತ್ತಿರಲಿಲ್ಲ. ಅವಳು ಹೋದ ಮೇಲೆ ಎರಡನೆಯ ಬಾಟಲಿಯಲ್ಲಿ ಉಳಿದ ಹಾಲನ್ನು ಟ್ಯೂಬಿಗೆ ಬಗ್ಗಿಸಿದೆ. ಅಷ್ಟೇ ಸ್ಪಿರಿಟ್ಟು. ಕಪಾಟಿನ ಕೊನೆಯ ಬಾಟಲಿಯನ್ನು ತೆಗೆದು ಮೂರು ಹನಿ. ನಾಲ್ಕು ಬಿತ್ತೋ ಏನೋ. ಅಲ್ಲಾಡಿಸಿ ಪಡುವಣ ಬಿಸಿಲಿಗೆ ಹಿಡಿದೆ. ಚಂದ್ರಸೀಬೆಯ ಒಳಗಿನ ಬಣ್ಣ ಮೆಲ್ಲಗೆ ಎದ್ದುಬಂತು. ಮೂವತ್ತು ವರ್ಷ ಎಲ್ಲೋ ಮಲಗಿದ್ದು ಹೆಸರು ಹಿಡಿದು ಕರೆದ ಕೂಡಲೇ ಎದ್ದು ಬಂದ ಹಾಗೆ ಬಂತು. ಜಗುಲಿ, ಬಲ್ಬು, ಹುಳ, ಮೇಜಿನ ಕೆಳಗಿನ ಬೆಚ್ಚಗಿನ ಅಂಗೈ, ಎಲ್ಲ ಅದರೊಳಗಿತ್ತು. ನಾನು ಸ್ಟೂಲಿನ ಮೇಲೆ ಕೂತು ಅತ್ತೆ.

ಆ ಬಣ್ಣ ಅವತ್ತು ಸರಿಯಾಗಿಯೇ ಹೇಳಿತ್ತು. ಹಾಲು ಕ್ಷಾರದ ಕಡೆ ತಿರುಗಿದೆ ಎಂದಷ್ಟೇ ಅದು ಹೇಳಿದ್ದು. ಸೋಡಾ ಎಂದವರು ನಾವು.

ಅಪ್ಪ ಈಗ ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲೇ ಇದ್ದಾನೆ. ಅವ್ವ ತೀರಿಕೊಂಡ ಮೇಲೆ ಬಂದವನು, ಬೀದಿಯ ಅರ್ಧ ಜನರಿಗೆ ಸ್ನೇಹಿತನಾಗಿದ್ದಾನೆ. ಈಗಲೂ ಸಿಗ್ನಲ್ಲಿನಲ್ಲಿ ದೀಪದ ಬಣ್ಣ ನೋಡುವುದಿಲ್ಲ, ಪಕ್ಕದವರ ಕಾಲು ನೋಡುತ್ತಾನೆ. ಅವತ್ತು ನಾನು ಮನೆಗೆ ಬಂದಾಗ ಬಾಗಿಲ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ಪಕ್ಕದಲ್ಲಿ ಕೂತು ನಾನೂ ಸುಲಿಯುತ್ತಾ ಎಲ್ಲ ಹೇಳಿದೆ.

"ಹಂಗಾರೆ ಅವ್ಳು ಸೋಡಾ ಹಾಕಿರ್ಲಿಲ್ಲ," ಎಂದ.

"ಇಲ್ಲಪ್ಪ."

ಬಹಳ ಹೊತ್ತು ಸುಲಿದ. "ಬಣ್ಣ ಹೆಂಗಿತ್ತು ಅವತ್ತು?"

"ಚಂದ್ರಸೀಬೆ ಒಳಗಿರುತ್ತಲ್ಲ, ಹಂಗೆ. ಕೆಂಪಲ್ಲ. ಕೆಂಪಿಗೆ ಅರ್ಧ ದಾರಿ."

"ನೀನು ಎಲ್ಡ್ ಸಲ ಒತ್ತಿದ್ಯಲ್ಲ."

"ಅರ್ಧಕ್ಕೆ ನಮ್ಮಲ್ಲಿ ಗುರುತೇ ಇರ್ಲಿಲ್ವಲ್ಲಪ್ಪ."

ಅಪ್ಪ ಸೊಗಡಿನ ಕಾಯಿ ಯಾವುದು, ಹುಳುಕು ಯಾವುದು ಎಂದು ನೋಡದೆ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದ. ವಾರ ಕಳೆದು ಒಂದು ಭಾನುವಾರ ಬೆಳಿಗ್ಗೆ ನೋಡಿದರೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಡುಮನೆಯಲ್ಲಿ ಕೂತಿದ್ದಾನೆ. "ಗುಬ್ಬಿಗೆ ಹೋಗನ ನಡಿ. ಅವ್ಳು ಮಗಳ ಮನೇಲವ್ಳಂತೆ. ಊರವ್ರನ್ನ ಕೇಳಿ ಅಡ್ರೆಸ್ ಬರ್ಕಂಡಿದೀನಿ." ಚಪ್ಪಲಿ ಹಾಕಿಕೊಳ್ಳುವಾಗ ತಲೆಯೆತ್ತದೆ ಇನ್ನೊಂದು ಮಾತು ಸೇರಿಸಿದ. "ನನ್ ಕಣ್ಣಿನ್ ವಿಚಾರ ಮಾತ್ರ ಎತ್ಬೇಡ."

ನನಗೆ ಸಿಟ್ಟು ಬಂತು. "ಅದನ್ನ ಬಿಟ್ಟು ಪೂರ್ತಿ ಹೇಳಿದ ಹಂಗಾಗುತ್ತಾ? ಇನ್ನೂ ಯಾವ ಕೆಲ್ಸ ಹೋಗುತ್ತೆ ಅಂತ ಹೆದರ್ತೀಯ?"

"ಕೆಲ್ಸ ಅಲ್ಲ ಕಣಮ್ಮ," ಎಂದ. "ಅಷ್ಟು ವರ್ಷ ಅಲ್ಲಿ ಕೂತಿದ್ದೆ. ಅವ್ರೆಲ್ಲ ನನ್ನ ನಂಬಿದ್ರು."

ಬಸ್ಸಿನಲ್ಲಿ ಅವನು ಕಿಟಕಿ ಪಕ್ಕ ಕೂತ. ಆಚೆ ತೆಂಗಿನ ತೋಟಗಳು ಹಿಂದೆ ಹಿಂದೆ ಹೋಗುತ್ತಿದ್ದವು, ಕುಯ್ಲಾದ ರಾಗಿಯ ಹೊಲ, ಕೆಂಪು ಮಣ್ಣು, ಮತ್ತೆ ತೆಂಗು. ಈ ಹಸಿರೂ ಆ ಕೆಂಪೂ ಅವನಿಗೆ ಹೇಗೆ ಕಾಣುತ್ತಿರಬಹುದು ಎಂದು ಯೋಚಿಸಿದೆ. ಎಲ್ಲ ಒಂದೇ ಹದದ ಕಂದಿನಲ್ಲಿ, ಹಳೆಯ ಫೋಟೋದ ಹಾಗೆ ತೇಲುತ್ತಿರಬಹುದು. ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಚಿಕ್ಕವ್ವನ ಹೆಸರಿಗೆ ಅಂಟಿದ್ದನ್ನು ತೊಳೆಯುವ ಸಿಹಿ ಸುದ್ದಿ ಒಯ್ಯುತ್ತಿದ್ದೇನೆ ಎಂಬ ಒಂದು ಉತ್ಸಾಹವೂ ಒಳಗೊಳಗೇ ಇತ್ತು.

ಗುಬ್ಬಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲ ಮುಂದಿನ ಸಿಮೆಂಟಿನ ಮೇಲೆ ರಾಗಿ ಹರವಿಕೊಂಡು ಕಲ್ಲು ಆರಿಸುತ್ತಾ ಒಬ್ಬ ಮುದುಕಿ ಕೂತಿದ್ದಳು, ಕಾಲು ಚಾಚಿ. ಆ ಚಾಚಿದ ಕಾಲಿನಿಂದಲೇ ಗುರುತು ಹಿಡಿದೆ. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಟೆಸ್ಟರಣ್ಣ ಅಲ್ವಾ?" ಎಂದಳು. ಆಮೇಲೆ ನನ್ನನ್ನು ನೋಡಿ, "ಇದು ಆ ಮಗಾನಾ?" ಎಂದಳು.

ಅವಳ ಮಗಳು ಕಾಫಿ ತಂದುಕೊಟ್ಟು ಒಳಗೆ ಹೋದಳು. ಪಾಕೆಟ್ ಹಾಲಿನ ಕಾಫಿ. ಆ ಮನೆಯಲ್ಲಿ ಹಸುವಿರಲಿಲ್ಲ. ನಾನು ಲೋಟ ಕೆಳಗಿಟ್ಟು, ಜೋಡಿಸಿಕೊಂಡು ಬಂದಿದ್ದನ್ನೆಲ್ಲ ಹೇಳಿದೆ. ಬಾವು ಬಂದ ಕೆಚ್ಚಲಿನ ಹಾಲಿಗೂ ಅದೇ ಬಣ್ಣ ಬರುತ್ತದೆ, ಅದು ನಮಗೆ ಅವತ್ತು ಗೊತ್ತಿರಲಿಲ್ಲ, ನಿನ್ನದು ಏನೂ ತಪ್ಪಿರಲಿಲ್ಲ ಚಿಕ್ಕವ್ವ ಎಂದೆ.

"ನಾನ್ ಸೋಡಾ ಹಾಕಿಲ್ಲ ಅನ್ನದು ನಂಗೊತ್ತಿತ್ತಲ್ಲವ್ವ," ಎಂದಳು, ನಾನು ಯಾವುದೋ ಹಳೇ ಸುದ್ದಿ ತಂದ ಹಾಗೆ. ಕೈ ರಾಗಿಯ ಮೇಲೆ ಆಡುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಅದು ನಿಂತಿತು. "ಬಾವು ಅಂದ್ಯಾ?"

"ಹೂಂ. ಶುರುವಿನಲ್ಲಿ ಹೊರಗೆ ಕಾಣಲ್ಲವಂತೆ."

"ಎಡಗಡೆ ಹಿಂದ್ಲ ಮೊಲೆ," ಎಂದಳು. "ಅದ್ನ ಮುಟ್ಟಿದ್ರೆ ಒದೀತಿತ್ತು. ಅದೂವರ್ಗೂ ಒಂದಿನಾನೂ ಒದ್ದಿದ್ದಲ್ಲ. ಸೊಕ್ಕು ಬಂದದೆ ಅನ್ಕಂಡು ಕಾಲ್ಗೆ ಹಗ್ಗ ಬಿಗ್ದು ಹಿಂಡ್ದೆ. ಹೊಡ್ದೂ ಹೊಡ್ದೆ. ಡೈರೀಲಿ ಮರ್ಯಾದೆ ಹೋದ್ ಸಿಟ್ಟು ಬೇರೆ, ಅದನ್ನೂ ಅದ್ರು ಮೇಲೇ ತೀರಿಸ್ಕಂಡೆ." ರಾಗಿಯ ಮೇಲೆ ಅಂಗೈ ಊರಿಕೊಂಡು ಕೂತಳು. "ನೋವಿಗೆ ಒದೀತಿತ್ತಾ ಅದು."

ಸಿಹಿ ಹಂಚಲು ಹೋದವಳು ಇನ್ನೊಬ್ಬರ ಎದೆಗೆ ಕಲ್ಲಿಟ್ಟು ಕೂತಿದ್ದೆ. ತಿಳಿಯದೇ ಇದ್ದಿದ್ದರೆ ಅವಳು ನೆಮ್ಮದಿಯಾಗಿ ಇರುತ್ತಿದ್ದಳು. ಅವಳಿಗಾಗಿ ಬಂದೆನೋ ನನಗಾಗಿ ಬಂದೆನೋ ಎಂದು ನನ್ನ ಮೇಲೇ ಅಸಹ್ಯವಾಯಿತು.

ಆಗ ಅಪ್ಪ ಗಂಟಲು ಸರಿಮಾಡಿಕೊಂಡ.

"ತಂಗ್ಯವ್ವ," ಎಂದ. "ನಂಗೆ ಬಣ್ಣ ಕಾಣಲ್ಲ. ಹುಟ್ದಾಗಿಂದ್ಲೂ ಅಷ್ಟೆ. ಕೆಂಪೂ ಒಂದೇ, ಕಂದೂ ಒಂದೇ. ಅಷ್ಟು ವರ್ಷ ಕಂಡೋನಂಗೆ ಕೂತಿದ್ದೆ. ಅವತ್ತು ಈ ಮಗೀನ್ ಕೈಲಿ ಹೇಳ್ಸಿದೆ. ತಪ್ಪು ಮಗೀಂದಲ್ಲ, ನಂದು."

ಹೇಳಿದ ಮೇಲೆ ಅಂಗಿಯ ಗುಂಡಿ ಹಿಡಿದುಕೊಂಡು ಕೂತ. ಅಪ್ಪನನ್ನು ಅಷ್ಟು ಚಿಕ್ಕವನಾಗಿ ನಾನು ಯಾವತ್ತೂ ಕಂಡಿರಲಿಲ್ಲ.

"ಗೊತ್ತು ಕಣಣ್ಣ," ಎಂದಳು ಚಿಕ್ಕವ್ವ.

ಅಪ್ಪ ತಲೆಯೆತ್ತಿದ.

"ಕೆಳಗ್ಲ ಮೆಟ್ಲಲ್ಲಿ ಕೂತ್ರೆ ಮೇಜಿನ್ ಕೆಳಗೆ ಎಲ್ಲಾ ಕಾಣದು. ಎಲ್ರೂ ನಿನ್ ಮುಖ ನೋಡೋರು. ನಾನು ಈ ಮಗೀನ್ ಬೆರಳು ನೋಡ್ತಾ ಕೂತಿರ್ತಿದ್ದೆ. ಒಂದ್ ಸಲ ಒತ್ತಿದ್ರೆ ಹಾಲು ಒಳೀಕೆ, ಎಲ್ಡ್ ಸಲ ಒತ್ತಿದ್ರೆ ಈಚೀಕೆ. ಅವತ್ತು ತಡ ಆಯ್ತಲ್ಲ, ಒಂದ್ ಸಲ ಒತ್ತಿ ಸುಮ್ನಾಗ್ಲಿ ಅಂತ ಉಸ್ರು ಹಿಡ್ಕಂಡ್ ಕಾಯ್ತಿದ್ದೆ."

"ಗೊತ್ತಿದ್ದೂ ಯಾಕೆ ಬಾಯಿ ಬಿಡ್ಲಿಲ್ಲ?" ಎಂದ ಅಪ್ಪ.

"ಬಿಟ್ಟಿದ್ರೆ ನಿನ್ ಕೆಲ್ಸ ಹೋಗದು. ನನ್ ಹಾಲು ಹೆಂಗೂ ಹೋಗಿತ್ತು," ಎಂದಳು. ಮತ್ತೆ ರಾಗಿಯಲ್ಲಿ ಕಲ್ಲು ಹುಡುಕಲು ತೊಡಗಿದಳು. "ಇನ್ನೊಂದು ಮನೇಲೂ ಒಲೆ ಆರ್ಲಿ ಅನ್ನೋಕೆ ಮನ್ಸು ಬರ್ಲಿಲ್ಲ ಬುಡು."

ಆಮೇಲೆ ಅವರಿಬ್ಬರೂ ಊರಿನ ಮಾತು ಆಡಿದರು. ಯಾರು ಇದ್ದಾರೆ, ಯಾರು ಹೋದರು, ಕಾಲುವೆಗೆ ನೀರು ಬಿಟ್ಟಿದ್ದಾರಾ, ಆ ಡೈರಿಯ ಜಗುಲಿ ಇದೆಯಾ. ಈಗ ಮೆಷಿನ್ ಬಂದಿದೆ, ಟ್ಯೂಬು ಗೀಬು ಏನೂ ಇಲ್ಲ ಎಂದ ಅಪ್ಪ. ಅವಳು ಹೌದಾ ಎಂದಳು. ಬಿಸಿಲು ಬಾಗಿಲಿಂದ ಸರಿದು ರಾಗಿಯ ಮೇಲೆ ಬಂತು. ಅಷ್ಟು ಹೊತ್ತೂ ನಾನು ನನ್ನ ಬಲಗೈಯ ತೋರು ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡೇ ಕೂತಿದ್ದೆ. ಆ ಬೆರಳನ್ನು ಒಬ್ಬಳು ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ ನಾನು ಅದರಲ್ಲಿ ಖುಷಿ ಕಾಣುತ್ತಿದ್ದೆ. ಈ ಮಾತನ್ನು ಅವಳಿಗೆ ಹೇಳಬೇಕಿತ್ತು. ಅಪ್ಪ ತನ್ನ ಪಾಲಿನದನ್ನು ಹೇಳಿ ಮುಗಿಸಿದ್ದ, ನನಗೆ ಬಾಯಿ ಬರಲಿಲ್ಲ.

ಹೊರಟಾಗ ಚಿಕ್ಕವ್ವ ಎರಡು ತೆಂಗಿನಕಾಯಿ ತಂದು ಅಪ್ಪನ ಚೀಲಕ್ಕೆ ಹಾಕಿದಳು. ಅಪ್ಪ ಗೇಟು ದಾಟಿ ಬೀದಿಗಿಳಿದ. ನಾನು ಚಪ್ಪಲಿ ಹುಡುಕುತ್ತಿದ್ದೆ. ಅವಳು ಗೋಡೆ ಹಿಡಿದು ನನ್ನ ಹತ್ತಿರ ಬಂದಳು.

"ಚಿಕ್ಕವ್ವ, ನನಗೆ ಅವತ್ತು," ಎಂದು ಶುರುಮಾಡಿದೆ. ಮುಂದಕ್ಕೆ ಹೋಗಲಾಗಲಿಲ್ಲ.

ಅವಳು ಸೆರಗಿನೊಳಗಿದ್ದ ನನ್ನ ಕೈಯನ್ನು ಎಳೆದುಕೊಂಡು ಅಂಗೈ ಬಿಚ್ಚಿದಳು. ಹುರಿಗಡಲೆ ಇಡುತ್ತಾಳೆ ಎಂದುಕೊಂಡೆ. ಏನೂ ಇಡಲಿಲ್ಲ. ರಾಗಿಯ ಧೂಳು ಹತ್ತಿದ ತನ್ನ ಬೆರಳಿನಿಂದ ಅಂಗೈಯ ನಡುವೆ ಒಂದು ಸಲ ಒತ್ತಿದಳು.

ಎರಡನೆಯದು ಬರುತ್ತದೆಯೇನೋ ಎಂದು ನಾನು ಉಸಿರು ಹಿಡಿದು ಕಾದೆ. ಬರಲಿಲ್ಲ.